ಉತ್ತರದ ಕೊನೆಯ ಸಾಲು

ಟೈಲರನ್ನು ಜನ ಮಾಸ್ಟರ್ ಎಂದು ಕರೆಯುವುದು ಹೊಸದೇನಲ್ಲ. ಕೊರಳಿಗೆ ಟೇಪು ನೇತುಹಾಕಿಕೊಂಡು ಕತ್ತರಿ ಹಿಡಿದವರೆಲ್ಲ ಮಾಸ್ಟರೇ. ಆದರೆ ಬೇಕರಿಯ ಎದುರಿನ ಅಂಗಡಿಯ ಮಾಸ್ಟರ್ ಹೊಲಿಯುತ್ತ ಹೊಲಿಯುತ್ತಲೇ ಪಾಠ ಹೇಳುವ ಮಾಸ್ಟರೂ ಆಗಿಬಿಟ್ಟರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಬೆಳಗಿನ ಹೊತ್ತು ಮಕ್ಕಳದ್ದು, ಮಧ್ಯಾಹ್ನದ ಮೇಲೆ ಗಿರಾಕಿಗಳದ್ದು. ಮಕ್ಕಳ ಪುಸ್ತಕದ ತುಂಬ ದಾರದ ಚೂರು, ಗಿರಾಕಿಗಳ ಪ್ಯಾಂಟಿನ ಜೇಬಿನಲ್ಲಿ ಪೆನ್ಸಿಲ್ ಕೆತ್ತಿದ ಸಿಪ್ಪೆ. ಹಾಗಂತ ಯಾರೂ ಗೊಣಗಿದ್ದಿಲ್ಲ. ಅವರ ಕೈಯಲ್ಲಿ ಹೊಲಿಸಿದ ಕೋಟು ಬಟ್ಟೆ ಸವೆಯುವ ತನಕ ಭುಜದ ಮೇಲೆ ಕೂತ ಹಾಗೆಯೇ ಕೂತಿರುತ್ತಿತ್ತು.

ಇದಕ್ಕೆಲ್ಲ ಮೂಲ ಅವರ ಮಗಳು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಇನ್ನೂ ಚಿಕ್ಕವಳಿದ್ದಾಗ ಒಂದು ದಿನ ಶಾಲೆಯಿಂದ ಬಂದವಳು ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು. ಸೈನ್ಸ್ ಮಿಸ್ ಹೇಳಿದರಂತೆ: ಪ್ರಾಣಿಗಳನ್ನು ಯಾರೂ ಒಂದೊಂದಾಗಿ ಕೂತು ಮಾಡಿದ್ದಲ್ಲ, ಲೆಕ್ಕಕ್ಕೆ ಸಿಗದಷ್ಟು ಕಾಲದಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಬಂದಿವೆ, ಮನುಷ್ಯರೂ ಹಾಗೆಯೇ ಅಂತ.

“ಅಪ್ಪಾ, ಹಾಗಾದ್ರೆ ಅಣ್ಣನ್ನ ದೇವ್ರು ಮಾಡಿರ್ಲಿಲ್ವಾ?”

ಪೆಡಲಿನ ಮೇಲಿದ್ದ ಮಾಸ್ಟರ ಕಾಲು ಅಲ್ಲೇ ನಿಂತಿತು.

“ಮಾಡಿರ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡೋರು ಯಾರು? ಅವನು ಈಗ ಎಲ್ಲಿದ್ದಾನೆ?”

ಅಣ್ಣ ಎಂದರೆ ಗುಬ್ಬಿ ಹುಟ್ಟುವ ಮೊದಲೇ ಹೋದ ಮಗು. ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದಾಗ ಜ್ವರ ಬಂತು, ಮಗು ಹೋಯಿತು. ಗಂಡ ಹೆಂಡತಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಆಗ ಕೈ ಹಿಡಿದು ಮೇಲೆತ್ತಿದ್ದು ಬೀದಿಯ ಕೊನೆಯ ಪ್ರಾರ್ಥನಾ ಮಂದಿರ. ಅಲ್ಲಿನ ಹಿರಿಯರು ದಿನಾ ಸಂಜೆ ಬಂದು ಪಕ್ಕದಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು. ಮಾಡಿದವನ ಹತ್ತಿರವೇ ಇದೆ ಮಗು, ನಂಬಿಕೆ ಬಿಡದೆ ನಡೆದರೆ ಮುಂದೆ ನೀವೆಲ್ಲ ಒಂದೇ ಮನೆಯಲ್ಲಿರುತ್ತೀರಿ. ಬೇರೆಯವರ ಕಿವಿಗೆ ಇದು ಉಪದೇಶ. ಮಾಸ್ಟರಿಗೆ ಮಾತ್ರ ಕಾಲ ಕೆಳಗಿನ ನೆಲದಷ್ಟು ಗಟ್ಟಿ. ಮನೆಯಲ್ಲಿ ಮೂವರೇ ಇದ್ದರೂ ಅವರು “ನಾವು ನಾಲ್ಕು ಜನ” ಎಂದೇ ಹೇಳುತ್ತಿದ್ದರು. ಅವರಿಗಿದ್ದ ಆಸೆ ಅದೊಂದೇ, ಭಯವೂ ಅದೊಂದೇ. ನಾಲ್ವರಲ್ಲಿ ಒಬ್ಬರೂ ಆ ಮನೆಯ ಬಾಗಿಲಿನ ಹೊರಗೆ ಉಳಿಯಬಾರದು.

ಮರುದಿನವೇ ಶಾಲೆಗೆ ಹೋದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಎಲ್ಲರೂ ಕೇಳುವಂತೆ, “ಅಂಗಿ ತಾನಾಗೇ ಹೊಲ್ಕೊಳ್ಳುತ್ತಾ ಮಿಸ್? ಹೊಲಿಯೋನೊಬ್ಬ ಬೇಡ್ವಾ?” ಎಂದು ಕೇಳಿದರು. ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡಿದ್ದ ಮಾತು, ಇದಕ್ಕೆ ಯಾರಿಗೂ ಉತ್ತರವಿರಲಾರದು ಎಂಬ ಧೈರ್ಯ.

ಸೈನ್ಸ್ ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. “ಅಂಗಿಗೆ ಮರಿ ಹುಟ್ಟಲ್ಲ ಮಾಸ್ಟ್ರೇ. ಹುಟ್ಟೋ ಹಾಗಿದ್ದಿದ್ರೆ ನಿಮ್ಮ ಅಂಗಡಿ ಕಥೆನೇ ಬೇರೆ ಆಗ್ತಿತ್ತು.”

ರೂಮಿಗೆ ರೂಮೇ ನಕ್ಕಿತು. ಮಾಸ್ಟರಿಗೆ ಕಿವಿ ಬಿಸಿಯಾಯಿತು. ಆಕೆ ಹೇಳಿದ್ದರಲ್ಲಿ ಏನೋ ತಿರುಳಿದೆ ಎಂದು ಅವರಿಗೂ ಅನ್ನಿಸಿತ್ತು, ಆದರೆ ಮೂತಿಗೆ ತಿವಿಸಿಕೊಂಡವರು ತಿರುಳು ಹುಡುಕುತ್ತ ಕೂರುವುದಿಲ್ಲ. ಆ ವಾರವೇ ಗುಬ್ಬಿಯನ್ನು ಶಾಲೆ ಬಿಡಿಸಿದರು. ಮಂದಿರದ ಇನ್ನೂ ಕೆಲವು ಮನೆಯವರು ತಮ್ಮ ಮಕ್ಕಳನ್ನೂ ಬಿಡಿಸಿದರು. ಅವರಲ್ಲಿ ಎದುರಿನ ಬೇಕರಿಯವನೂ ಒಬ್ಬ. ಅವನ ಮಗಳು ಮತ್ತು ಗುಬ್ಬಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಹೀಗೆ ಕಟಿಂಗ್ ಟೇಬಲ್ ಶಾಲೆಯಾಯಿತು.

ಶಾಲೆ ಬಿಡಿಸಿದ್ದು ತಪ್ಪೋ ಸರಿಯೋ, ಕಲಿಸುವುದರಲ್ಲಿ ಮಾತ್ರ ಮಾಸ್ಟರ್ ಯಾರಿಗೂ ಕಡಿಮೆ ಇರಲಿಲ್ಲ. ಅಳತೆ ಟೇಪಿನಲ್ಲೇ ದಶಮಾಂಶ ಹೇಳಿದರು. ಹಳೇ ಪ್ಯಾಂಟಿನ ಹೊಲಿಗೆ ಬಿಚ್ಚಿ ರೇಖಾಗಣಿತ ತೋರಿಸಿದರು. ತಮಗೆ ಗೊತ್ತಿಲ್ಲದ್ದನ್ನು ಹಿಂದಿನ ಸಂಜೆ ಓದಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗುನುಗುತ್ತ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅವರು ತಾಳದಿದ್ದದ್ದು ಒಂದೇ, ಸುಳ್ಳು. ಹೋಂವರ್ಕ್ ಮಾಡಿಲ್ಲ ಎಂದರೆ ಏನೂ ಅನ್ನುತ್ತಿರಲಿಲ್ಲ, ಮಾಡಿದ್ದೇನೆ ಎಂದು ಸುಳ್ಳು ಹೇಳಿದರೆ ಇಡೀ ದಿನ ಮಾತು ಬಿಡುತ್ತಿದ್ದರು. ಮಕ್ಕಳಿಗೆ ಬೆತ್ತಕ್ಕಿಂತ ಆ ಮೌನದ ಹೆದರಿಕೆ.

ಮಕ್ಕಳು ದೊಡ್ಡವರಾದರು. ಖಾಸಗಿಯಾಗಿ ಕಟ್ಟಿ ಬರೆಯುವ ದೊಡ್ಡ ಪರೀಕ್ಷೆ ಹತ್ತಿರ ಬಂತು. ಗುಬ್ಬಿಗೂ ಬೇಕರಿಯವನ ಮಗಳಿಗೂ ನರ್ಸಿಂಗ್ ಸೇರುವ ಹುಚ್ಚು, ಅದೂ ಒಂದೇ ಕಾಲೇಜು, ಒಂದೇ ರೂಮು. ನರ್ಸಿಂಗಿಗೆ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬೇಕು. ಜೀವಶಾಸ್ತ್ರದ ಪುಸ್ತಕದಲ್ಲಿ ಆ ಅಧ್ಯಾಯ ಇದ್ದೇ ಇತ್ತು.

“ಅದೊಂದು ಬಿಟ್ಟುಬಿಡಿ” ಎಂದರು ಹಿರಿಯರು. “ಹೋದ್ರೆ ಒಂದಿಷ್ಟು ಮಾರ್ಕ್ಸ್ ಹೋಗ್ಲಿ.”

ಮಾಸ್ಟರ್ ಒಪ್ಪಲಿಲ್ಲ. ಅರ್ಧ ಮಗಳ ಅಂಕದ ಆಸೆಗೆ, ಇನ್ನರ್ಧ ಹಮ್ಮಿಗೆ. “ಗೊತ್ತಿಲ್ದೆ ಬಿಡೋದು ಬೇರೆ, ಗೊತ್ತಿದ್ದೂ ಒಪ್ದೆ ಇರೋದು ಬೇರೆ ಹಿರಿಯರೇ. ನಮ್ಮ ಮಕ್ಳು ಎಲ್ಲ ಬರೀಲಿ. ಬರೆದು, ಪ್ರತಿ ಉತ್ತರದ ಕೊನೇಲೂ ಒಂದು ಸಾಲು ಸಾಕ್ಷಿ ಹೇಳ್ಲಿ.” ಆ ಸಾಲನ್ನು ಅವರೇ ಕಟ್ಟಿದರು: ‘ಇದು ಮನುಷ್ಯರ ಊಹೆ, ನನ್ನನ್ನು ಮಾಡಿದವನು ದೇವರು.’ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡು ಬೆನ್ನು ತಟ್ಟಿದರು. ಒಬ್ಬರಿಗಾದರೂ ಪ್ರವೇಶಪತ್ರದ ಹಿಂದೆ ಅಚ್ಚಾದ ಪರೀಕ್ಷೆಯ ನಿಯಮ ಓದೋಣ ಎಂದು ಹೊಳೆಯಬೇಕಲ್ಲ! ಚಿಕ್ಕಂದಿನಲ್ಲೇ ಶಾಲೆಯ ಮೆಟ್ಟಿಲು ಇಳಿದ ಮಕ್ಕಳಿಗೆ, ಇಳಿಸಿದ ಮೇಷ್ಟ್ರಿಗೆ, ಉತ್ತರ ಪತ್ರಿಕೆಯೆಂದರೆ ದೇವರು ಓದುವ ಕಾಗದ ಎಂದೇ ಲೆಕ್ಕ.

ಇನ್ನೊಂದು ಪೇಚಾಟ ಇತ್ತು. ಆ ಅಧ್ಯಾಯ ಮಾಸ್ಟರಿಗೇ ತಲೆಗೆ ಹತ್ತಲಿಲ್ಲ. ಬೈಯಬೇಕಾದರೂ ವಿಷಯ ಗೊತ್ತಿರಬೇಕಲ್ಲ. ವಾರವೆಲ್ಲ ಪುಸ್ತಕದ ಜೊತೆ ಗುದ್ದಾಡಿ, ಕೊನೆಗೆ ಮಾನ ಮರ್ಯಾದೆ ಜೇಬಿಗೆ ಹಾಕಿಕೊಂಡು ಸೈನ್ಸ್ ಮಿಸ್ ಮನೆಯ ಬಾಗಿಲು ತಟ್ಟಿದರು. ಆಕೆ ನಗಲಿಲ್ಲ. ಅಂದು ಎಲ್ಲರನ್ನೂ ನಗಿಸಿದ್ದಕ್ಕೆ ಆಕೆಗೂ ಒಳಗೊಳಗೇ ಕೊರೆಯುತ್ತಿತ್ತೋ ಏನೋ, ಅಡುಗೆಮನೆಯ ಮೇಜಿಗೇ ಕರೆದು ಕೂರಿಸಿದರು.

“ನೀವು ನಂಬ್ಬೇಕಾಗಿಲ್ಲ ಮಾಸ್ಟ್ರೇ. ಮೊದ್ಲು ಅರ್ಥ ಮಾಡ್ಕೊಳ್ಳಿ, ಆಮೇಲೆ ಎಷ್ಟು ಬೇಕಾದ್ರೂ ಬೈಕೊಳ್ಳಿ.”

ತಿಮಿಂಗಿಲದ ಮೈಯೊಳಗೆ ಕಾಲಿಲ್ಲದಿದ್ದರೂ ಸೊಂಟದ ಪುಟ್ಟ ಮೂಳೆ ಉಳಿದಿರುವ ಚಿತ್ರ ತೋರಿಸಿದರು. ಎಂದೋ ನೆಲದ ಮೇಲೆ ನಡೆದಾಡಿದ ಪ್ರಾಣಿಯ ಗುರುತು ಅದು ಎಂದರು. ಮಾಸ್ಟರ್ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮಗೆ ತಾವೇ ಎಂಬಂತೆ, “ಕೋಟಿನ ತೋಳಿನ ಗುಂಡಿ” ಎಂದರು.

ಕೋಟಿನ ತೋಳಿನ ತುದಿಗೆ ಸಾಲಾಗಿ ಗುಂಡಿ ಹಚ್ಚುತ್ತಾರಲ್ಲ, ಅದು ಏನನ್ನೂ ಬಿಚ್ಚುವುದಿಲ್ಲ, ಏನನ್ನೂ ಮುಚ್ಚುವುದಿಲ್ಲ. ಹಿಂದೊಂದು ಕಾಲದಲ್ಲಿ ತೋಳು ಮಡಚಲು ಅದನ್ನು ಬಿಚ್ಚುತ್ತಿದ್ದರಂತೆ. ಈಗ ತೂತು ಹೋಯಿತು, ಕೆಲಸ ಹೋಯಿತು, ಗುಂಡಿ ಉಳಿಯಿತು. ಮಾಸ್ಟರ ಗುರು ಹಚ್ಚುತ್ತಿದ್ದರು, ಅವರ ಗುರುವೂ ಹಚ್ಚುತ್ತಿದ್ದರು, ಇವರೂ ಹಚ್ಚುತ್ತಾರೆ. ಮಿಸ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, “ಇದನ್ನ ನಾನೂ ಕ್ಲಾಸಲ್ಲಿ ಹೇಳ್ತೀನಿ, ಪರ್ವಾಗಿಲ್ವಾ?” ಎಂದರು. ಮಾಸ್ಟರಿಗೆ ಒಳಗೊಳಗೇ ಖುಷಿಯಾಯಿತು, ಯಾಕಾದರೂ ಆಯಿತೋ ಎಂದು ಕಸಿವಿಸಿಯೂ ಆಯಿತು.

ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಒಂದು ಕೋಟು ಹರಡಿ ಪಾಠ ಶುರುಮಾಡಿದರು. ಅಂಥ ಪಾಠ ಅವರು ಹಿಂದೆ ಹೇಳಿರಲಿಲ್ಲ. ಗುಬ್ಬಿ ಆ ತೋಳನ್ನು ಕೈಗೆತ್ತಿಕೊಂಡು ಒಂದೊಂದೇ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು. ಅವಳ ಮುಖದಲ್ಲಿ ಏನೋ ಬೆಳಗಿತು. ಕಲಿಸುವವರಿಗೆ ಅದಕ್ಕಿಂತ ದೊಡ್ಡ ಸಂಭಾವನೆ ಇಲ್ಲ. ಮಾಸ್ಟರ್ ಆ ಮುಖ ನೋಡಿ ಹಿಗ್ಗಿದರು, ಪಾಠದ ಕೊನೆಗೆ ಎಲ್ಲರಿಂದ ಸಾಕ್ಷಿಯ ಸಾಲನ್ನು ಗಟ್ಟಿಯಾಗಿ ಹೇಳಿಸಿದರು. ಎಲ್ಲರೂ ಹೇಳಿದರು, ಗುಬ್ಬಿಯೂ ತುಟಿ ಆಡಿಸಿದಳು.

ಪರೀಕ್ಷೆ ಮುಗಿಸಿ ಬಂದ ದಿನ ಬಾಗಿಲಲ್ಲೇ ಕೇಳಿದರು, “ಎಲ್ಲ ಬರೆದ್ಯಾ ಪುಟ್ಟಿ?”

“ಗೊತ್ತಿದ್ದದ್ದೆಲ್ಲ ಬರ್ದೆ ಅಪ್ಪ” ಎಂದು ಅವಳು ಕೈಕಾಲು ತೊಳೆಯಲು ಹೋದಳು.

ಫಲಿತಾಂಶ ಬಂದ ದಿನ ಬೇಕರಿಯವನೇ ಮೊಬೈಲ್ ಹಿಡಿದು ಓಡಿ ಬಂದ. ಅವನ ಮಗಳ ನಂಬರಿನ ಮುಂದೆ ‘ತಡೆಹಿಡಿಯಲಾಗಿದೆ’ ಎಂದಿತ್ತು. ಇನ್ನೊಬ್ಬರದ್ದೂ ಹಾಗೆಯೇ. ಮತ್ತೊಬ್ಬರದ್ದೂ ಹಾಗೆಯೇ. ಮಾಸ್ಟರ ಶಾಲೆಯ ಮಕ್ಕಳೆಲ್ಲರದ್ದೂ ಹಾಗೆಯೇ. ಗುಬ್ಬಿಯದ್ದು ಮಾತ್ರ ಪಾಸು, ಅದೂ ಜೀವಶಾಸ್ತ್ರದಲ್ಲಿ ಕಣ್ಣು ಕುಕ್ಕುವ ಅಂಕ.

“ಏನೋ ಕಂಪ್ಯೂಟರ್ ಎಡವಟ್ಟು. ನಾನು ಹೋಗಿ ಕೇಳ್ಕೊಂಡು ಬರ್ತೀನಿ” ಎಂದರು ಮಾಸ್ಟರ್.

ಪರೀಕ್ಷಾ ಕಚೇರಿ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹಸಿರು ಬಣ್ಣದ ಗೋಡೆ, ಕಂಬಿ ಹಾಕಿದ ಕಿಟಕಿ, ಕಿಟಕಿಯ ಮುಂದೆ ಸವೆದು ನುಣುಪಾದ ಮರದ ಹಲಗೆ. ಈ ಕಿಟಕಿಯಿಂದ ಆ ಕಿಟಕಿ, ಆ ಕಿಟಕಿಯಿಂದ ಊಟದ ವಿರಾಮ. ಕೊನೆಗೆ ಒಬ್ಬ ಗುಮಾಸ್ತ ಕರುಣೆ ತೋರಿ ಒಳಗೆ ವಿಚಾರಿಸಿ ಬಂದ.

“ಯಾರ್ರೀ ಇವ್ರಿಗೆ ಪಾಠ ಹೇಳಿದ್ದು? ಉತ್ತರ ಪತ್ರಿಕೇಲಿ ಉತ್ರ ಬಿಟ್ಟು ಬೇರೇನೂ ಬರೀಬಾರ್ದು ಅಂತ ಗೊತ್ತಿಲ್ವಾ? ಹೆಸರು, ದೇವರು, ಬೇಡಿಕೆ, ಏನೂ ಇಲ್ಲ. ಇವ್ರೆಲ್ಲ ಒಂದಕ್ಷರ ವ್ಯತ್ಯಾಸ ಇಲ್ದೆ ಒಂದೇ ಸಾಲು ಬರೆದವ್ರೆ. ಯಾರೋ ಪರೀಕ್ಷಕನಿಗೆ ಗುರುತು ಕೊಟ್ಟಿದ್ದು ಅಂತ ತೀರ್ಮಾನ ಆಗಿದೆ. ಈ ವರ್ಷದ್ದು ಪೂರ್ತಿ ರದ್ದು.”

“ಗುರುತಲ್ಲ ಸ್ವಾಮಿ, ಅದು ನಂಬಿಕೆ.”

“ನಂಬಿಕೆಗೆ ಇಲ್ಲಿ ಕಾಲಂ ಇಲ್ಲ.”

ಮಾಸ್ಟರ್ ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಗುಮಾಸ್ತನ ಅಂಗಿಯ ತೋಳು ಹಿಡಿದುಕೊಂಡರು. “ಹೇಳ್ಕೊಟ್ಟಿದ್ದು ನಾನು. ನನ್ನ ಜೈಲಿಗೆ ಹಾಕಿ, ಏನು ಬೇಕಾದ್ರೂ ಮಾಡಿ. ಮಕ್ಳು ಏನೂ ಅರಿಯದವ್ರು. ಕಾಲಿಗೆ ಬೀಳ್ತೀನಿ.”

ಗುಮಾಸ್ತ ನಿಧಾನವಾಗಿ ತೋಳು ಬಿಡಿಸಿಕೊಂಡ. “ನಂಗೆ ಹೇಳಿ ಏನುಪಯೋಗ, ಕಾಲಿಗೆ ಬಿದ್ದು ಏನುಪಯೋಗ? ಆಗಿದ್ದಾಗಿದೆ. ಮುಂದಿನ ವರ್ಷ ಬರೀಲಿ.”

“ಮತ್ತೆ ನನ್ನ ಮಗಳ್ದು ಪಾಸಾಗಿದೆಯಲ್ಲ...”

“ಸಾಲು ಬರೆದೋರ್ದು ತಡೆದಿದ್ದೀವಿ. ಬರೀದೇ ಇರೋರ್ದು ಯಾಕೆ ತಡೀಲಿ?” ಎಂದು ಅವನು ಕಿಟಕಿ ಎಳೆದುಕೊಂಡ.

ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೇಗೆ ಬಂದರೆಂದು ಮಾಸ್ಟರಿಗೆ ನೆನಪಿಲ್ಲ. ಬಸ್ಸಿನಲ್ಲಿ ಪಕ್ಕದವರು ಏನೋ ಕೇಳಿದರು, ಇವರು ಏನೋ ಹೇಳಿದರು. ಕಂಡವರ ಮಕ್ಕಳ ವರ್ಷ ತಮ್ಮ ಕೈಯಿಂದ ಮಣ್ಣುಪಾಲಾಯಿತು ಎಂಬ ಉರಿ ಒಂದು ಕಡೆ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ಮುಟ್ಟಲು ಅವರಿಗೆ ಧೈರ್ಯ ಬರಲಿಲ್ಲ. ಗುಬ್ಬಿ ಆ ಸಾಲು ಬರೆದಿಲ್ಲ. ಮರೆತಿರಬೇಕು. ಸಮಯ ಸಾಲದಿರಬೇಕು. ಊರು ಬರುವ ತನಕ ಅದನ್ನೇ ಜಪಿಸಿದರು.

ಅಂಗಡಿಯ ಷಟರ್ ಅರ್ಧ ಇಳಿಸಿ ಮಗಳನ್ನು ಕೂರಿಸಿಕೊಂಡರು.

“ಬರೆಯೋಕೆ ಮರೆತ್ಯಾ?”

“ಇಲ್ಲ.”

“ಟೈಮ್ ಸಾಲ್ದೆ ಹೋಯ್ತಾ?” ಅವರ ದನಿಯಲ್ಲಿ ಬೇಡಿಕೆ ಇತ್ತು. ಹೂಂ ಅನ್ನು ತಾಯಿ, ಹೂಂ ಅಂದರೆ ಸಾಕು.

“ಟೈಮ್ ಇತ್ತು ಅಪ್ಪ.” ಗುಬ್ಬಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಪೆನ್ನು ಹಿಡ್ಕೊಂಡು ಕೂತಿದ್ದೆ. ಮೇಲೆಲ್ಲ ಬರೆದಿದ್ದು ನಿಜ ಅಂತ ಅನ್ನಿಸಿಬಿಟ್ಟಿತ್ತು. ಅದರ ಕೆಳಗೆ ಆ ಸಾಲು ಬರೆದಿದ್ರೆ ಸುಳ್ಳು ಹೇಳ್ದಂಗೆ ಆಗ್ತಿತ್ತು. ಸುಳ್ಳು ಮಾತ್ರ ಬೇಡ ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?”

“ಯಾರು ತುಂಬಿದ್ರು ತಲೆಗೆ ಇದನ್ನ? ಆ ಮಿಸ್ ಸಿಕ್ಕಿದ್ರಾ?”

“ಯಾರೂ ಇಲ್ಲ. ನೀನು ಕೋಟು ತೋರ್ಸಿ ಹೇಳಿದ್ಯಲ್ಲ ಆವತ್ತು... ಅಷ್ಟು ಚೆನ್ನಾಗಿ ಹೇಳಿದ್ರೆ ಅದು ಅರ್ಥ ಆಗ್ದೆ ಹೇಗಿರುತ್ತೆ?”

ಬೇರೆ ಯಾರಾದರೂ ಮಗಳನ್ನು ಕೆಡಿಸಿದ್ದರೆ ಅವರ ಮನೆಗೆ ಹೋಗಿ ಕೂಗಾಡಬಹುದಿತ್ತು. ಈಗ ಯಾರ ಮೇಲೆ ಕೂಗಾಡುವುದು? ಮಾಸ್ಟರ್ ತಮ್ಮ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು ನೋಡುತ್ತ ಕೂತರು. ಆಮೇಲೆ ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದರು.

“ಹಾಗಾದ್ರೆ ನಿನ್ನಣ್ಣ?”

ಗುಬ್ಬಿಯ ಬಾಯಿ ಸೊಟ್ಟಗಾಯಿತು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಹೀಗೇ ಆಗುತ್ತಿತ್ತು. “ಗೊತ್ತಿಲ್ಲ ಅಪ್ಪ. ದೇವ್ರಿಲ್ಲ ಅಂತ ನಾನು ಹೇಳ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ.”

ಮಂದಿರದ ಲೆಕ್ಕದಲ್ಲಿ ಗೊತ್ತಿಲ್ಲ ಎಂಬುದೊಂದು ಉತ್ತರವೇ ಅಲ್ಲ. ಅಲ್ಲಿ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಹೊಸಿಲ ಮೇಲೆ ನಿಲ್ಲಲು ಜಾಗವಿಲ್ಲ. ಮಾಸ್ಟರ್ ತಾವೇ ಎಷ್ಟೋ ಸಲ ಮಕ್ಕಳಿಗೆ ಹಾಗೆ ಹೇಳಿದ್ದರು. ಒಂದು ಮಗುವನ್ನು ಜ್ವರ ಕಿತ್ತುಕೊಂಡಿತ್ತು, ಅದು ಮತ್ತೆ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಇಷ್ಟು ವರ್ಷ ಉಸಿರಾಡಿದ್ದರು. ಇನ್ನೊಂದು ಮಗುವನ್ನು ತಾವೇ, ತಮ್ಮ ಕೈಯಾರೆ, ಬೆಳಗಿನ ಒಂದು ಪಾಠದಲ್ಲಿ ಕಳೆದುಕೊಂಡಿದ್ದರು, ಅದೂ ಎಂದೆಂದಿಗೂ. ಹೆಂಡತಿಗೆ ಏನು ಹೇಳಲಿ ಎಂದು ತೋಚದೆ ಷಟರ್ ಎತ್ತದೆಯೇ ಕೂತರು. ಅಂಗಡಿಯ ಹಿಂದೆಯೇ ಇದ್ದ ಮನೆಯ ಬಾಗಿಲ ಪರದೆ ಅಲುಗಿದ್ದನ್ನು ಅವರು ನೋಡಲಿಲ್ಲ. ಆಕೆ ಅಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸುದ್ದಿಗೆ ಕಾಲು ಬಂತು. ಮಕ್ಕಳ ಪರೀಕ್ಷೆ ರದ್ದಾದದ್ದು ಆ ಸಾಲಿನಿಂದ, ಮಾಸ್ಟರ ಮಗಳು ಮಾತ್ರ ಆ ಸಾಲು ಬರೆದಿಲ್ಲ. ಎರಡನ್ನೂ ಸೇರಿಸಿ ಹೊಲಿಯಲು ಬೀದಿಗೆ ಟೈಲರು ಬೇಕಾಗಿರಲಿಲ್ಲ. ಬೇಕರಿಯವನು ಅಂಗಡಿಯ ಮುಂದೆ ನಿಂತು, “ನಮ್ಮ ಮಕ್ಕಳನ್ನ ಬಾವಿಗೆ ತಳ್ಳಿ ತನ್ನ ಮಗಳನ್ನ ದಡ ಹತ್ತಿಸ್ಕೊಂಡ” ಎಂದು ಹಾದುಹೋಗುವವರಿಗೆಲ್ಲ ಹೇಳಿದ. ಅವನ ಮಗಳು ಬೇಕರಿಯ ಕೌಂಟರಿನಲ್ಲಿ ಕೂರಲು ಶುರುಮಾಡಿದ್ದಳು. ಇನ್ನು ಓದು ಸಾಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬ್ರೆಡ್ಡು ಕಟ್ಟಿಕೊಡುತ್ತ ಅವಳು ಎದುರಿನ ಟೈಲರ್ ಅಂಗಡಿಯ ಕಡೆ ತಲೆ ಎತ್ತುತ್ತಿರಲಿಲ್ಲ. ಮಾಸ್ಟರ್ ಸೂಜಿಗೆ ದಾರ ಪೋಣಿಸಲು ತಲೆ ಎತ್ತಿದಾಗಲೆಲ್ಲ ಅವಳೇ ಕಾಣುತ್ತಿದ್ದಳು.

ಪ್ರಾರ್ಥನೆಯ ದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ, ಹಿರಿಯರು ಯಾರೂ ಏಳಬೇಡಿ ಎಂದರು. ಮಂದಿರದಲ್ಲಿ ಹಾಗೆ ಹೇಳುವುದು ಯಾರದ್ದಾದರೂ ವಿಚಾರಣೆ ಇದ್ದಾಗ ಮಾತ್ರ. ಬೆಂಚುಗಳು ಕಿರ್ ಎಂದು ಮತ್ತೆ ಸುಮ್ಮನಾದವು. ಆ ಕಟ್ಟಡದೊಳಗೆ ಸುಳ್ಳು ಆಡಿದವನಿಗೆ ಕ್ಷಮೆ ಇಲ್ಲ ಎಂಬುದು ಅಲ್ಲಿನ ಮೊದಲ ಪಾಠ. ಹೊರಗೆ ಆಡಿದ ಸುಳ್ಳಿಗೆ ಪಶ್ಚಾತ್ತಾಪ ಉಂಟು, ಒಳಗೆ ಆಡಿದ್ದಕ್ಕೆ ಇಲ್ಲ. ಹಾಗಾಗಿಯೇ ಜಗಳಗಳನ್ನು ಅಲ್ಲಿಗೆ ತರುತ್ತಿದ್ದರು.

“ಮಾಸ್ಟ್ರೇ, ನಿಮ್ಮ ಮಗಳು ಸಾಕ್ಷಿಯ ಸಾಲು ಬರೆದಿಲ್ಲ. ನಿಜ ತಾನೇ?”

“ನಿಜ.”

“ಹಾಗಾದ್ರೆ ಎರಡರಲ್ಲಿ ಒಂದು. ಅವಳು ತಾನಾಗೇ ಬಿಟ್ಟಿರ್ಬೇಕು. ಇಲ್ಲಾ, ಬಿಡು ಅಂತ ನೀವು ಹೇಳಿರ್ಬೇಕು. ಯಾವ್ದು?”

ಹಿರಿಯರು ಕೆಟ್ಟವರಲ್ಲ. ಅವರ ದನಿಯಲ್ಲಿ ದುಃಖವೇ ಇತ್ತು. ಮಾಸ್ಟರ್ ನಿಜ ಹೇಳಿದರೆ ಗುಬ್ಬಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಾರೆ. ಅವಳು ಸುಳ್ಳು ಹೇಳುವವಳಲ್ಲ, ಹಾಗೆ ಬೆಳೆಸಿದ್ದು ತಾವೇ. ಅವಳು ಇದ್ದದ್ದನ್ನು ಹೇಳುತ್ತಾಳೆ. ಆಮೇಲೆ ಮಂದಿರದ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ, ಬೆನ್ನು ತಿರುಗಿಸುತ್ತಾರೆ, ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಕೈಗಳೇ ಬಾಗಿಲು ತೋರಿಸುತ್ತವೆ. ಆಚೆ ಬೆಂಚಿನಲ್ಲಿ ತಾಯಿಯ ಪಕ್ಕ ಕೂತಿದ್ದ ಗುಬ್ಬಿ ಏಳಲು ಮುಂದಿನ ಬೆಂಚಿನ ಬೆನ್ನಿಗೆ ಕೈ ಊರಿದ್ದು ಮಾಸ್ಟರಿಗೆ ಕಂಡಿತು.

“ನಾನೇ ಹೇಳಿದ್ದು” ಎಂದರು ಮಾಸ್ಟರ್. ಅವರ ದನಿ ಅವರಿಗೇ ದೂರದಿಂದ ಕೇಳಿಸಿತು. “ನೀನು ಬರೀಬೇಡ ಅಂತ ನಾನೇ ಹೇಳಿದ್ದೆ.”

ಮಂದಿರದಲ್ಲಿ ಯಾರೋ ಅಯ್ಯೋ ಎಂದರು. ಬೇಕರಿಯವನು ಎದ್ದುನಿಂತ. ಅಷ್ಟರಲ್ಲಿ ಗುಬ್ಬಿ ಕೂಗಿದಳು. “ಸುಳ್ಳು! ಅಪ್ಪ ಸುಳ್ಳು ಹೇಳ್ತಿದ್ದಾರೆ! ನಾನೇ ಬರೀಲಿಲ್ಲ, ನಂಗೆ ನಂಬಿಕೆ ಇಲ್ಲದೆ ಬರೀಲಿಲ್ಲ!”

ಯಾರು ನಂಬುತ್ತಾರೆ ಇದನ್ನು? ತಂದೆಯ ಮಾನ ಉಳಿಸಲು ಮಗಳು ಹೇಳುವ ಮಾತು ಎಂದೇ ಎಲ್ಲರಿಗೂ ಅನ್ನಿಸಿತು. ಬೇಕರಿಯವನ ಕಣ್ಣು ಕೆಂಡವಾಗಿತ್ತು. “ಎಳೇ ಹುಡುಗಿ ಬಾಯಲ್ಲಿ ಇದನ್ನೂ ಹೇಳಿಸ್ತೀಯಾ? ನಿನ್ನನ್ನ ದೇವ್ರಂಗೆ ನಂಬಿದ್ದೆನಲ್ಲೋ!” ಎಂದ. ಬಹುವಚನದಲ್ಲಿ ಮಾತಾಡಿಸುತ್ತಿದ್ದವನು ಏಕವಚನಕ್ಕೆ ಇಳಿದ, ಇಳಿದವನೇ ಅತ್ತುಬಿಟ್ಟ. ಹಿರಿಯರು ಗುಬ್ಬಿಯ ಹತ್ತಿರ ಹೋಗಿ ತಲೆ ಸವರಿ, “ನೀನು ಕೂತ್ಕೋ ಮಗಳೇ, ಅಪ್ಪ ಹೇಳಿಸಿದ ಮಾತು ನಿನ್ನ ಲೆಕ್ಕಕ್ಕೆ ಬರಲ್ಲ, ನಿಂದೇನೂ ತಪ್ಪಿಲ್ಲ” ಎಂದರು. ಆಮೇಲೆ ಮಾಸ್ಟರ ಕಡೆ ತಿರುಗಿ, ಮುಖ ನೋಡದೆ, ಬಾಗಿಲು ತೋರಿಸಿದರು.

ಬೆಂಚುಗಳ ನಡುವೆ ನಡೆದು ಬರುವಾಗ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು. ಮಾಸ್ಟರ್ ಎಲ್ಲರ ಬೆನ್ನನ್ನೂ ನೋಡಿದರು. ಅರ್ಧಕ್ಕರ್ಧ ಕೋಟುಗಳು ಅವರೇ ಹೊಲಿದವು.

ಮನೆಗೆ ಬಂದು ಕುರ್ಚಿಯ ಮೇಲೆ ಕುಸಿದರು. ಹಿಂದೆಯೇ ತಾಯಿ ಮಗಳು ಬಂದರು. ಗುಬ್ಬಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದಿಂಬಿಗೆ ಬಾಯಿ ಒತ್ತಿಕೊಂಡು ಅಳುವ ಸದ್ದು ಹೊರಗೆ ಬರುತ್ತಿತ್ತು. ಹೆಂಡತಿ ಮಂದಿರಕ್ಕೆ ಉಟ್ಟ ಬಟ್ಟೆಯನ್ನೂ ಬದಲಿಸದೆ ಗಂಡನ ಎದುರು ನಿಂತಳು.

“ಯಾಕ್ರೀ ಹಾಗೆ ಹೇಳಿದ್ರಿ? ಅದೂ ಅಲ್ಲಿ, ಒಳಗೆ ನಿಂತ್ಕೊಂಡು? ನಿಮಗೆ ಗೊತ್ತಿಲ್ವಾ ಅದಕ್ಕೆ ಕ್ಷಮೆ ಇಲ್ಲ ಅಂತ?”

“ಗೊತ್ತು.”

“ಗೊತ್ತಿದ್ದೂ?”

“ಗೊತ್ತಿದ್ದೇ ಹೇಳಿದ್ದು.” ಮಾಸ್ಟರ್ ಒಳಕೋಣೆಯ ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು. “ಅವಳು ಇನ್ನು ನಮ್ಮ ಜೊತೆ ಬರಲ್ಲ ಕಣೇ. ನಾನು ಎಷ್ಟು ಬೇಡಿದ್ರೂ ಬರೋ ಹಾಗಿಲ್ಲ. ಆ ಮನೆ ಬಾಗಿಲ ಹೊರಗೆ ನಿಲ್ತಾಳೆ. ಒಬ್ಳೇ ನಿಲ್ತಾಳೆ. ಅವಳಣ್ಣನ ಹತ್ರ ನೀನಿರ್ತೀಯ. ಇವಳ ಹತ್ರ ಯಾರಾದ್ರೂ ಬೇಡ್ವಾ? ಅದಕ್ಕೇ ನಾನು ಹೊರಗೆ ಉಳಿಯೋದು ಅಂತ ಮಾಡಿದೆ.”

ತುಂಬ ಯೋಚಿಸಿ ಮಾಡಿದ ಏರ್ಪಾಡು ಎಂಬಂತೆ ಹೇಳಿದರು. ಸಮಾಧಾನವಾದೀತು ಎಂದುಕೊಂಡಿದ್ದರೋ ಏನೋ. ಹೆಂಡತಿಯ ಮುಖ ಬಿಗಿಯಿತು. ಇಷ್ಟು ವರ್ಷದಲ್ಲಿ ಗಂಡನಿಗೆ ಎದುರಾಡದವಳು, ಮುಷ್ಟಿ ಕಟ್ಟಿ ಅವರ ಎದೆಗೆ ಗುದ್ದಿದಳು, ಮತ್ತೆ ಗುದ್ದಿದಳು.

“ನನ್ನನ್ನ ಒಂದು ಮಾತು ಕೇಳಿದ್ರಾ?” ಎಂದಳು. “ನೀವಿಬ್ರೂ ಹೊರಗೆ ನಿಂತ್ಕೊಂಡ್ರೆ ನಾನು ಆ ಮಗು ಕೈ ಹಿಡ್ಕೊಂಡು ಅಲ್ಲಿ ಹೇಗಿರ್ಲಿ? ಅಪ್ಪ ಎಲ್ಲಿ ಅಂತ ಅವನು ಕೇಳಿದ್ರೆ ಏನು ಹೇಳ್ಲಿ?”

ಮಾಸ್ಟರಿಗೆ ಇದು ಹೊಳೆದೇ ಇರಲಿಲ್ಲ. ಅವರು ಹೆಂಡತಿಯ ಕೈ ಹಿಡಿದುಕೊಳ್ಳಲು ಹೋದರು, ಆಕೆ ಕೊಡಲಿಲ್ಲ.